ಕಲ್ಲಿನ ಛಲೋ ಮಾರಿ

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾ ಮುಗಿಸುವುದರೊಳಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪಡಸಾಲೆಯ ಕಲ್ಲುಗೋಡೆಯಲ್ಲಿ ಒಂದು ಮಾಡವಿದೆ. ಗೋಡೆಯೊಳಗೆ ಚೌಕಾಗಿ ಬಿಟ್ಟ ಗೂಡಿಗೆ ನಮ್ಮ ಕಡೆ ಮಾಡ ಎನ್ನುತ್ತೇವೆ. ದೀಪ, ವಿಭೂತಿ, ಬೆಂಕಿಪೆಟ್ಟಿಗೆ, ಕಾಲು ಮುರಿದ ಕನ್ನಡಕ, ಇವೆಲ್ಲ ವಾಸಿಸುವ ಜಾಗ ಅದು. ಊರಿನ ಮಾಡಗಳೆಲ್ಲ ಎದೆಯೆತ್ತರಕ್ಕಿದ್ದರೆ ನಮ್ಮದು ಮೊಳಕಾಲಿಗಿಂತ ಒಂದು ಗೇಣು ಮೇಲಿದೆ, ಅಷ್ಟೇ. "ಇಷ್ಟ್ ತೆಳಗ್ಯಾಕ್ರಿ?" ಎಂದು ಬಂದವರು ಕೇಳುತ್ತಾರೆ. ನಮ್ಮ ಮನೆಯವರ ಹತ್ತಿರ ಸಿದ್ಧ ಉತ್ತರವಿದೆ. "ಗೌಂಡಿ ಗಿಡ್ಡ ಇದ್ದ್ರಿ" ಎನ್ನುತ್ತಾರೆ. ಬಂದವರು ನಗುತ್ತಾರೆ, ಮಾತು ಬೇರೆ ಕಡೆ ಹೊರಳುತ್ತದೆ. ಆದರೆ ಈ ಗೋಡೆ ಕಟ್ಟಿದ ನಮ್ಮ ಗೌಂಡಿ ಮಶಾಕಸಾಬರು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರದ ಆಳು. ಅವರ ಮೇಲಿನ ಈ ಅಪವಾದವನ್ನು ತೊಡೆಯಬೇಕಾದವಳು ನಾನೇ, ಏಕೆಂದರೆ ತಪ್ಪು ನನ್ನದು. ಅದೂ ಒಂದು ವಿಶೇಷಣದ ತಪ್ಪು.

ವಿಶೇಷಣ ಎಂದ ಕೂಡಲೇ ನನ್ನ ಕಸುಬು ನಿಮಗೆ ಗೊತ್ತಾಗಿರಬೇಕು. ಕಲಬುರಗಿಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮಲ್ಲಿ ಶಿಕ್ಷಕಿಯನ್ನು ಬಾಯಾರು ಎನ್ನುತ್ತಾರೆ. ನಿವೃತ್ತಿಯಾದರೂ ಬಾಯಾರಿನಿಂದ ಬಿಡುಗಡೆಯಿಲ್ಲ. ತರಕಾರಿಯವಳಿಗೂ ನಾನು ಬಾಯಾರೇ. ಸೇಡಂ ರಸ್ತೆಯಿಂದ ಒಳಗೆ ಹೋದರೆ ಸಿಗುವ ಬಡಾವಣೆಯಲ್ಲಿ ನಾವು ಮನೆ ಕಟ್ಟಲು ನಿಂತಾಗ ಎಂಜಿನಿಯರು ಪಿಲ್ಲರ್ ಎಬ್ಬಿಸಿ ನಡುವೆ ಸಿಮೆಂಟ್ ಇಟ್ಟಿಗೆ ತುಂಬುವ ನಕ್ಷೆ ಕೊಟ್ಟರು. ಎಲ್ಲದಕ್ಕೂ ಹೂಂ ಎಂದೆ. ನನ್ನದು ಒಂದೇ ಹಟ: ಬೀದಿ ಕಡೆಯ ಗೋಡೆ ಕಲ್ಲಿನದಾಗಬೇಕು, ಅದರೊಳಗೆ ಒಂದು ಮಾಡ ಇರಬೇಕು.

"ಇಡೀ ಊರು ಕಲ್ಲು ಬಿಟ್ಟು ಸಿಮೆಂಟಿಗಿ ಹೋಗ್ಯದ, ನೀ ಸಿಮೆಂಟ್ ಬಿಟ್ಟು ಕಲ್ಲಿಗಿ ಹೊಂಟೀದಿ," ಎಂದರು ಮನೆಯವರು. ಅವರು ಹಾಗೆ ಅಂದರೆ ಒಪ್ಪಿದರೆಂದೇ ಅರ್ಥ.

ಹಟಕ್ಕೆ ಕಾರಣ ಕಮಲಾಪುರ. ನಾನು ಹುಟ್ಟಿ ಬೆಳೆದ ಅಲ್ಲಿನ ಮನೆಯ ಗೋಡೆಗಳು ಎರಡು ಮೊಳ ದಪ್ಪ ಇದ್ದವು. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಗೆಯೂ ಹಾರದಂಥ ಬಿಸಿಲಿದ್ದಾಗ ನಾನೂ ನನ್ನ ತಮ್ಮನೂ ಒಳಗೆ ಗೋಡೆಗೆ ಬರಿ ಬೆನ್ನು ಹಚ್ಚಿ ಕೂರುತ್ತಿದ್ದೆವು. ಕಲ್ಲು ಬೆಚ್ಚಗಾದರೆ ಪಕ್ಕದ ಕಲ್ಲಿಗೆ ಸರಿಯುವುದು. ಹೀಗೆ ಸರಿದು ಸರಿದು ಸಂಜೆಯೊಳಗೆ ಪಡಸಾಲೆಯಿಂದ ಅಡುಗೆಮನೆ ಮುಟ್ಟುತ್ತಿದ್ದೆವು. ಆ ಮನೆಯಲ್ಲಿ ಏಳು ಮಾಡಗಳಿದ್ದವು. ಒಂದರಲ್ಲಿ ದೀಪ, ಒಂದರಲ್ಲಿ ಅಪ್ಪನ ಎಲೆಯಡಿಕೆಯ ಚೀಲ, ಒಂದರಲ್ಲಿ ನಾನು ಹುಣಸೆಹಣ್ಣಿಗೆ ಉಪ್ಪು ಖಾರ ಕುಟ್ಟಿ ಮಾಡಿದ ಉಂಡೆ. ತಮ್ಮ ಕದಿಯದಿರಲೆಂದು ಆ ಮಾಡದಲ್ಲಿ ಚೇಳಿದೆ ಎಂದು ಸುದ್ದಿ ಹಬ್ಬಿಸಿದ್ದೆ. ಒಂದು ದಿನ ನಿಜವಾಗಿಯೂ ಚೇಳಿತ್ತು. ಅಂದಿನಿಂದ ಸುಳ್ಳು ಬಿಟ್ಟೆನೆಂದು ಹೇಳಲಾರೆ, ಕೈ ಹಾಕುವ ಮೊದಲು ಇಣುಕಿ ನೋಡುವುದನ್ನಂತೂ ಕಲಿತೆ.

ಹಿತ್ತಲ ಬಾಗಿಲ ಪಕ್ಕದ ಗೋಡೆಯಲ್ಲಿ, ಕುಳಿತರೆ ಕೈಗೆ ಸಿಗುವ ಎತ್ತರದಲ್ಲಿ ಒಂದು ಕರಿಗಲ್ಲಿತ್ತು. ಅವ್ವ ಹೊಲಕ್ಕೆ ಹೋಗುವ ಮೊದಲು ಅದರೆದುರು ಕುಳಿತು ಕುಡಗೋಲು ಮಸೆಯುತ್ತಿದ್ದಳು. ನೀರು ಚಿಮುಕಿಸಿ, ಮೇಲಿನಿಂದ ಕೆಳಕ್ಕೆ, ಸರ್ ಸರ್ ಎಂದು. ಅವಳ ಅತ್ತೆ ಮಸೆದದ್ದೂ ಅಲ್ಲೇ ಅಂತೆ. ಮಸೆದು ಮಸೆದು ಆ ಕಲ್ಲಿನಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಅವ್ವ ಹೊಲದ ಹಾದಿ ಹಿಡಿದ ಮೇಲೆ ನಾವಿಬ್ಬರೂ ಅದೇ ತಗ್ಗಿಗೆ ಗಜ್ಜುಗದ ಬೀಜ ತಿಕ್ಕಿ, ಕಾದ ಕೂಡಲೇ ಒಬ್ಬರ ತೋಳಿಗೊಬ್ಬರು ಚುರ್ರೆಂದು ಇಡುತ್ತಿದ್ದೆವು. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳದೊಂದು ಫೋಟೋ ಇದೆ, ಯಾರದೋ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ಅವಳು ಗಾಬರಿಯಾಗಿ ಬೇರೆ ಯಾರೋ ಆಗಿದ್ದಾಳೆ. ಅವ್ವ ನೆನಪಾದಾಗ ನನಗೆ ಆ ತಗ್ಗೇ ಕಣ್ಣಿಗೆ ಬರುತ್ತಿತ್ತು.

ತಮ್ಮ ಆ ಮನೆ ಕೆಡವಿ ಹೊಸದು ಕಟ್ಟಿಸಿದಾಗ ಹಳೆಯ ಕಲ್ಲುಗಳೆಲ್ಲ ಹಿತ್ತಲಲ್ಲಿ ರಾಶಿ ಬಿದ್ದವು. "ನನಗ ಒಂದು ಬೇಕಾಗೇದ," ಎಂದು ನಾನು ಶುರು ಮಾಡಿದ ಕೂಡಲೇ ಅವನ ಮುಖ ಸಣ್ಣದಾಯಿತು. ಅಕ್ಕ ತವರಿನಲ್ಲಿ ಪಾಲು ಕೇಳಲು ಬಂದಿದ್ದಾಳೆ ಎಂದುಕೊಂಡನೋ ಏನೋ. ಬರೀ ಕಲ್ಲು ಎಂದು ತಿಳಿದಾಗ ಉದಾರಿಯಾದ. "ಒಯ್ಯಕ್ಕಾ, ಬೇಕಾದಷ್ಟು ಒಯ್ಯಿ." ಹೊರಡುವಾಗ ಅವನ ಹೆಂಡತಿ ಅಕ್ಕಿ, ಕೊಬ್ಬರಿ, ಕುಬಸ, ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟು ನನ್ನ ಉಡಿ ತುಂಬಿದಳು. "ಮಂದಿ ಹೆಣ್ಮಕ್ಕಳ ಉಡಿ ಸೆರಗಿನಾಗ ಹಿಡೀತದ, ನಮ್ಮಕ್ಕನ ಉಡಿಗಿ ಟ್ರ್ಯಾಕ್ಟರ್ ಬೇಕು," ಎಂದು ತಮ್ಮ ನಕ್ಕ. ರಾಶಿಯಲ್ಲಿ ಮಸೆಗಲ್ಲನ್ನು ಹುಡುಕಿ ಸುಣ್ಣದಲ್ಲಿ ಗುರುತು ಹಾಕಿ ಬಂದೆ.

ಟ್ರ್ಯಾಕ್ಟರಿನ ಹೊಣೆ ಮಶಾಕಸಾಬರು ಹೊತ್ತರು. ಅವರು ತಾಜಸುಲ್ತಾನಪುರದವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಅವಸರವಿದ್ದಾಗ ಎರಡೂ ಕೂಡಿ. ಅವರ ಹೆಂಡತಿಯ ತಂಗಿಯ ಗಂಡನ ಟ್ರ್ಯಾಕ್ಟರ್ ಕಮಲಾಪುರದ ಕಡೆಯೇ ಓಡಾಡುತ್ತಿತ್ತು. ಮೊದಲ ದಿನ ನಾನು ಕೇಳಿದೆ:

"ಮಶಾಕಸಾಬ್ರೇ, ಕಲ್ಲು?"

"ಕಲ್ ರೀ ಬಾಯಾರ."

"ಅದನ್ನೇ ಕೇಳಾಕತ್ತೀನ್ರಿ. ಕಲ್ಲು ಯಾವಾಗ?"

"ಅದನ್ನೇ ಹೇಳಾಕತ್ತೀನ್ರಿ. ಕಲ್."

ಉರ್ದುವಿನಲ್ಲಿ ಕಲ್ ಎಂದರೆ ನಾಳೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಹೆಸರಿನಲ್ಲೇ ಕಲ್ಲು ಹೊತ್ತ ಕಲಬುರಗಿಯ ಕೂಸಿಗೂ ಅದು ಗೊತ್ತು. ಆದರೆ ಕಲ್ಲಿನ ಧ್ಯಾನದಲ್ಲಿದ್ದವರಿಗೆ ಕಲ್ಲೇ ಕೇಳಿಸುತ್ತದೆ. ಎರಡನೆಯ ದಿನವೂ ಕಲ್, ಮೂರನೆಯ ದಿನವೂ ಕಲ್. ನಾಲ್ಕನೆಯ ದಿನ ನಾನು ಸಿಟ್ಟಿನಿಂದ, "ನಿಮ್ಮ ಈ ಕಲ್ ಯಾವಾಗ ಬರ್ತದ್ರಿ?" ಎಂದೆ. ಅವರು ಬೀಡಿ ಆರಿಸಿ ಬಹಳ ಗಂಭೀರವಾಗಿ, "ಕಲ್ ಎಂದೂ ಬರಂಗಿಲ್ರಿ ಬಾಯಾರ. ಬಂದ್ರ ಅದು ಇವತ್ತು ಆಗಿಬಿಡ್ತದ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಉರ್ದುವಿನಲ್ಲಿ ನಿನ್ನೆಗೂ ಕಲ್ ಎಂದೇ ಹೆಸರು. ನಿನ್ನೆಗೂ ನಾಳೆಗೂ ಒಂದೇ ಶಬ್ದ ಇಟ್ಟುಕೊಂಡವರ ಜೊತೆ ಕೆಲಸ ಸಾಗುವುದು ಹೇಗೆ ಎಂದು ಮನೆಯವರ ಮುಂದೆ ಕನ್ನಡದ ಹೆಮ್ಮೆ ತೋರಿಸಿದೆ. "ನಿನ್ನ ಕನ್ನಡದಾಗ ಎರಡು ಶಬ್ದ ಅವಲ್ಲ, ನಿನ್ನ ತಮ್ಮ ಎಂದಾದ್ರೂ ಹೇಳಿದ ಟೈಮಿಗಿ ಬಂದಾನೇನು?" ಎಂದು ಅವರು ಪೇಪರು ಮಡಿಸಿದರು. ಐದನೆಯ ದಿನ ಟ್ರ್ಯಾಕ್ಟರ್ ಬಂತು.

ಅಲ್ಲಿಂದ ನನ್ನ ಮೇಲ್ವಿಚಾರಣೆ ಆರಂಭವಾಯಿತು. ನನಗೆ ಗೊತ್ತಿದ್ದ ಮೇಲ್ವಿಚಾರಣೆ ಒಂದೇ, ಪರೀಕ್ಷಾ ಹಾಲಿನದು. ಪ್ಲಾಸ್ಟಿಕ್ ಕುರ್ಚಿ, ಕೊಡೆ, ನೀರಿನ ಬಾಟಲಿಯೊಂದಿಗೆ ಬೆಳಗ್ಗೆ ಒಂಬತ್ತಕ್ಕೆ ಹಾಜರು. ಅರ್ಧ ಗಂಟೆ ಕೂರುವುದು, ಆಮೇಲೆ ಸದ್ದಿಲ್ಲದೆ ಎದ್ದು ಮಶಾಕಸಾಬರ ಬೆನ್ನ ಹಿಂದೆ ಹೋಗಿ ನಿಲ್ಲುವುದು. ಮೂರನೆಯ ದಿನ ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

"ಬಾಯಾರ, ನೀವು ಹಿಂದ ಬಂದು ನಿಂತ್ರ ನಾ ನಕಲ್ ಹೊಡ್ಯಾಕತ್ತೀನಿ ಅನ್ನಿಸ್ತದ್ರಿ ನನಗ."

ನಾನು ನಾಚಿ ಕುರ್ಚಿಗೆ ಹಿಂತಿರುಗಿದೆ. ಆದರೆ ಅವರಿಗೂ ಕನಿಕರ ಬಂದಿರಬೇಕು, ಅಂದಿನಿಂದ ಕೆಲಸ ಮಾಡುತ್ತಲೇ ಪಾಠ ಹೇಳತೊಡಗಿದರು. ಕಲ್ಲುಗೋಡೆ ಎಂದರೆ ನಿಜವಾಗಿ ಎರಡು ಗೋಡೆ. ಬೀದಿಗೆ ಮುಖ ಮಾಡಿದ ಕಲ್ಲುಗಳ ಸಾಲು ಒಂದು, ಮನೆಯೊಳಕ್ಕೆ ಮುಖ ಮಾಡಿದ ಸಾಲು ಇನ್ನೊಂದು. ನಡುವೆ ಚೂರುಗಲ್ಲು ಮತ್ತು ಮಾಲು, ಅಂದರೆ ಉಸುಕು ಸಿಮೆಂಟು ಕಲಸಿದ್ದು. ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದಿಡುವ ಉದ್ದಗಲ್ಲು. "ಕಲ್ಲಿಗಿ ಆರು ಬಾಜು ಇರ್ತಾವ್ರಿ, ಮಾರಿ ಒಂದೇ," ಎನ್ನುತ್ತಿದ್ದರು. ಮಾರಿ ಎಂದರೆ ನಮ್ಮ ಕಡೆ ಮುಖ. ಕಲ್ಲನ್ನು ಕೈಯಲ್ಲಿ ತಿರುವಿ ತಿರುವಿ ಮಾರಿ ಗೊತ್ತು ಮಾಡಿಕೊಂಡ ಮೇಲೇ ಇಡುವುದು. ಒಮ್ಮೆ ಎತ್ತಿದ ಕಲ್ಲನ್ನು ಮತ್ತೆ ಕೆಳಗೆ ಹಾಕುವುದಿಲ್ಲ; ಎಲ್ಲಾದರೂ ಒಂದು ಕಡೆ ಅದಕ್ಕೆ ಜಾಗ ಇದ್ದೇ ಇರುತ್ತದಂತೆ. ಇದನ್ನು ಕೇಳಿ ನಾನೂ ಉಮೇದಿನಿಂದ ಇಪ್ಪತ್ತು ಕಲ್ಲು ಆರಿಸಿ ಸಾಲಾಗಿ ಇಟ್ಟೆ. ಅವರು ಎರಡನ್ನು ಗೋಡೆಗೆ ಇಟ್ಟು ಉಳಿದ ಹದಿನೆಂಟನ್ನು ಒಡೆದು ಚೂರುಗಲ್ಲು ಮಾಡಿದರು. ಇಷ್ಟು ಖಡಕ್ಕಾಗಿ ನಾನು ಯಾರ ಉತ್ತರಪತ್ರಿಕೆಯನ್ನೂ ತಿದ್ದಿದವಳಲ್ಲ.

"ಕಲ್ಲಿನ ಕೆಲ್ಸ ನೋಡೂದಿದ್ರ ಕೋಟಿಗಿ ಹೋಗ್ರಿ," ಎಂದರು ಒಮ್ಮೆ. ರವಿವಾರ ನಾವು ಗಂಡ ಹೆಂಡತಿ ಊರಿನ ಹಳೆಯ ಕೋಟೆಗೆ ಹೋದೆವು. ಮನೆಯವರು ಬಂದದ್ದು ಶೇಂಗಾ ತಿನ್ನಲು. ಎಷ್ಟೋ ಸಲ ಮಕ್ಕಳನ್ನು ಪ್ರವಾಸಕ್ಕೆಂದು ಕರೆದೊಯ್ದು ಗಲಾಟೆ ಮಾಡಬೇಡಿರೆಂದು ಕೂಗಿದ ಜಾಗ ಅದು. ಗೋಡೆಯ ಮೇಲೆ ಅಂಗೈ ಇಟ್ಟದ್ದು ಅದೇ ಮೊದಲು. ಮರುದಿನ ಬಂದು, "ಮಶಾಕಸಾಬ್ರೇ, ಅಲ್ಲಿ ಸಂದು ಇಷ್ಟು ದೊಡ್ಡವಿಲ್ಲ," ಎಂದೆ. ಅವರು ತಲೆ ಎತ್ತದೆ ಹೇಳಿದರು: "ಅವರ ಹಿಂದ ಸುಲ್ತಾನ ನಿಂತಿದ್ನ್ರಿ, ಬಾಯಾರು ನಿಂತಿದ್ದಿಲ್ಲ."

ಹೀಗೆ ಪಾಯ ಮುಗಿದು ಗೋಡೆ ನೆಲದಿಂದ ಮೇಲೆದ್ದಿತು. ಒಂದು ದಿನವೂ ತಪ್ಪಿಸದವಳು ಒಂದೇ ಒಂದು ದಿನ ರಜೆ ಹಾಕಿದೆ. ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಬರೆದುಕೊಡಬೇಕು. ಹೊರಡುವ ಮೊದಲು ಸುಣ್ಣದ ಗುರುತಿನ ಕಲ್ಲನ್ನು ತೋರಿಸಿ, "ಇದು ನಮ್ಮ ತವರಿನ ಖಾಸ ಕಲ್ಲು ನೋಡ್ರಿ. ಇದರ ಛಲೋ ಮಾರಿ ಕಾಣೂ ಹಂಗ ಇಡ್ರಿ," ಎಂದೆ. "ನೀವೇನೂ ಚಿಂತಿ ಮಾಡಬ್ಯಾಡ್ರಿ," ಎಂದರು. ನಾನು ಚಿಂತೆ ಮಾಡಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತು, ಬದುಕಿದ್ದೇನೆಂದು ಸಹಿ ಹಾಕಿ, ಕಬ್ಬಿನ ಹಾಲು ಕುಡಿದು ಮಧ್ಯಾಹ್ನ ಮೂರಕ್ಕೆ ಬಂದೆ.

ಗೋಡೆ ಇನ್ನೆರಡು ಸಾಲು ಏರಿತ್ತು. "ಎಲ್ಲದ್ರಿ ನನ್ನ ಕಲ್ಲು?" ಎಂದೆ.

"ಅಗೋ ನೋಡ್ರಿ. ಇಡೀ ರಾಶ್ಯಾಗ ಇಂಥಾ ಮಾರಿ ಇನ್ನೊಂದಿಲ್ಲ."

ಬೀದಿಯ ಕಡೆ, ಮೊಳಕಾಲಿಗಿಂತ ಗೇಣು ಮೇಲೆ, ಸಪಾಟಾದ ಕರಿ ಮುಖವೊಂದು ಕೂತಿತ್ತು. ಚೆಂದವೇ ಇತ್ತು, ಆದರೆ ನನಗೆ ಪರಿಚಯವಿರಲಿಲ್ಲ. ಕಮಲಾಪುರದಲ್ಲಿ ಅಷ್ಟು ವರ್ಷ ಗೋಡೆಯೊಳಗೆ ಅಡಗಿದ್ದ ಅದರ ಬೆನ್ನು ಅದು.

"ಮತ್ತ ಆ ತಗ್ಗು? ಅದಕ್ಕೊಂದು ತಗ್ಗಿತ್ತಲ್ರಿ?"

"ಹೌದ್ರಿ, ಖೋಟ್ ಇತ್ತು. ಆ ಬಾಜು ಒಳಗ ಹಾಕಿ ಮಾಲ್ ತುಂಬೀನಿ. ಯಾರಿಗೂ ಕಾಣಂಗಿಲ್ರಿ."

ಖೋಟ್ ಎಂದರೆ ಐಬು. ಅವರು ಬಲು ಸಮಾಧಾನದಿಂದ ಹೇಳಿದ್ದರು, ಮನೆಯ ಐಬನ್ನು ಮುಚ್ಚಿಟ್ಟು ಉಪಕಾರ ಮಾಡಿದವರ ಹಾಗೆ. ನಾನು ಕುರ್ಚಿಯಲ್ಲಿ ಕುಳಿತೆ. ಅಳು ಬಂತು. ಅರವತ್ತು ದಾಟಿದವಳು, ಉಸುಕಿನ ರಾಶಿಯ ಪಕ್ಕ, ಕೊಡೆ ಹಿಡಿದುಕೊಂಡು ಅತ್ತೆ. ಮಶಾಕಸಾಬರು ಕಂಗಾಲಾಗಿ ನೀರಿನ ಬಾಟಲಿ ತಂದುಕೊಟ್ಟರು.

"ಆ ತಗ್ಗು ನಮ್ಮವ್ವಂದ್ರಿ," ಎಂದೆ. "ಕುಡಗೋಲು ಮಸೀತಿದ್ಲು. ಅದನ್ನ ನೋಡಾಕೇ ಇಷ್ಟೂ ಕಲ್ಲು ತರಸೀನಿ."

ಅವರು ತಿರುಗಿ ಆ ಕಲ್ಲನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಛಲೋ ಮಾರಿ ಅಂದಿದ್ರಿ ಬಾಯಾರ," ಎಂದರು. ಹೌದು, ಹಾಗೇ ಅಂದಿದ್ದೆ. ಮಕ್ಕಳ ಪ್ರಬಂಧಗಳಲ್ಲಿ ಒಳ್ಳೆಯ ಹಸು, ಒಳ್ಳೆಯ ಊರು, ಒಳ್ಳೆಯ ಗೆಳೆಯ ಎಂದು ಬರುವಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ಯಾವ ರೀತಿ ಒಳ್ಳೆಯದು? ವಿವರಿಸಿ" ಎಂದು ಬರೆದವಳು ನಾನು. ಗೌಂಡಿಗೆ ಸಪಾಟಾದದ್ದು ಛಲೋ ಎಂದು ಹನ್ನೊಂದು ದಿನ ಪಾಠ ಕೇಳಿಯೂ ನನಗೆ ಹೊಳೆದಿರಲಿಲ್ಲ. ಅವರನ್ನು ಬೈಯಲು ಒಂದು ಕಾರಣವೂ ಸಿಗಲಿಲ್ಲ.

ಅಷ್ಟರಲ್ಲಿ ಮನೆಯವರು ಬಂದರು. ವಿಷಯ ಕೇಳಿ, ಬಿಚ್ಚಿ ತೆಗೆಯಬಹುದಲ್ಲ ಎಂದರು. ಮಶಾಕಸಾಬರು ಕಲ್ಲಿನ ಸುತ್ತ ಬೆರಳಾಡಿಸಿ ನೋಡಿದರು. "ಸುತ್ತೂಕಡಿ ಚೂರು ಬಡದು ಬಿಗಿ ಮಾಡೀನ್ರಿ. ಹಾರಿ ಹಾಕಿ ಮೀಟಿದ್ರ ಬರ್ತದ. ಇಡೀ ಬರ್ತದೋ, ಎರಡಾಗಿ ಬರ್ತದೋ ಹೇಳಾಕಾಗಂಗಿಲ್ಲ. ಹೂಂ ಅಂದ್ರ ತೆಗೀತೀನಿ ಬಾಯಾರ." ಒಡೆದ ಕಲ್ಲು ನೋಡುವ ಧೈರ್ಯ ನನಗಿರಲಿಲ್ಲ, ಹೂತ ಕಲ್ಲನ್ನು ಹಾಗೇ ಬಿಡುವ ಮನಸ್ಸೂ ಇರಲಿಲ್ಲ. "ನಾಳಿಗಿ ನೋಡೂಣ್ರಿ," ಎಂದೆ.

"ಕಲ್," ಎಂದರು ಅವರು. ಅಂದು ಇಬ್ಬರಿಗೂ ನಗು ಬರಲಿಲ್ಲ.

ಮರುದಿನ ನಾನು ಎಂಟಕ್ಕೇ ಹೋದೆ. ಮಶಾಕಸಾಬರು ನನಗಿಂತ ಮೊದಲೇ ಬಂದು ಗೋಡೆಯ ಒಳಮಗ್ಗುಲಿಗೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಮುಂದೆ ಕಿತ್ತಿಟ್ಟ ಆರು ಕಲ್ಲುಗಳಿದ್ದವು.

"ಬಿಚ್ಚಿದ್ರೇನ್ರಿ?"

"ಹೊರಗಿಂದು ಮುಟ್ಟಿಲ್ರಿ. ಒಳಗಿನ ಸಾಲಿಂದಷ್ಟೇ ತೆಗ್ದೀನಿ. ನಿಮಗೊಂದು ಮಾಡ ಬೇಕಂದಿದ್ರಲ್ಲ? ಅದು ಇಲ್ಲೇ ಯಾಕಾಗಬಾರ್ದು? ಆ ಕಲ್ಲಿಂದು ಖೋಟ್ ಬಾಜು..." ಅಲ್ಲಿ ತಡೆದು, ಕಿವಿ ಮುಟ್ಟಿಕೊಂಡರು. "ಅಮ್ಮಾಂದು ಬಾಜು, ಮಾಡದೊಳಗಿನ ಗ್ವಾಡಿ ಆಗ್ತದ್ರಿ. ಆ ಕಡಿ ಬೀದಿಯವರು ನೋಡ್ಲಿ, ಈ ಕಡಿ ನೀವು ನೋಡ್ರಿ."

ನಾನು ಬಗ್ಗಿ ಇಣುಕಿದೆ. ಕಿತ್ತ ಕಲ್ಲುಗಳ ಹಿಂದೆ ಹಸಿ ಮಾಲು ಮೆತ್ತಿಕೊಂಡ ಕಲ್ಲೊಂದರ ಒಳಬದಿ ಕಾಣುತ್ತಿತ್ತು.

"ಆದ್ರ ಒಂದು ಮಾತು," ಎಂದರು. "ಬಾಳ ತೆಳಗ ಆಗ್ತದ್ರಿ. ದೀಪ ಇಡಬೇಕಂದ್ರ ನೆಲಕ್ಕ ಕುಂದ್ರಬೇಕು. ನಾಳಿ ಮಂದಿ ನನಗೇ ನಗ್ತಾರ."

"ನಮ್ಮವ್ವನೂ ಕುಂತೇ ಮಸೀತಿದ್ಲ್ರಿ," ಎಂದೆ.

ಅವರು ಒಂದು ಮೊಳೆಯನ್ನೂ ಒದ್ದೆ ಅರಿವೆಯನ್ನೂ ನನ್ನ ಕೈಗಿತ್ತು ಸರಿದು ಜಾಗ ಬಿಟ್ಟರು. "ಇದು ನನ್ನ ಕೆಲ್ಸ ಅಲ್ರಿ. ಸಾವಕಾಶ ಕೆರೀರಿ." ಅಷ್ಟು ದಿನದ ಮೇಲ್ವಿಚಾರಣೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಅದು. ಮೊಳಕಾಲು ನೋವು ಮರೆತು ನೆಲಕ್ಕೆ ಕುಳಿತೆ. ಮಾಲು ಪುಡಿಪುಡಿಯಾಗಿ ಉದುರಿತು. ಮೊದಲು ತಗ್ಗಿನ ಒಂದು ಅಂಚು, ಆಮೇಲೆ ಇನ್ನೊಂದು. ಅರಿವೆಯಿಂದ ಒರೆಸಿ ಹೆಬ್ಬೆರಳು ಇಟ್ಟೆ, ಕೂತಿತು. ತಗ್ಗಿನ ತಳದಲ್ಲಿ ಸಿಮೆಂಟಿನ ಒಂದು ಬೂದು ಗೆರೆ ಮಾತ್ರ ಉಳಿದುಬಿಟ್ಟಿದೆ, ಎಷ್ಟು ತಿಕ್ಕಿದರೂ ಹೋಗಿಲ್ಲ. ಅವ್ವನ ಪಕ್ಕ ನನ್ನದೂ ಒಂದು ಗುರುತಿರಲಿ ಎಂದು ಬಿಟ್ಟಿದ್ದೇನೆ. ನನ್ನದಲ್ಲ, ನನ್ನ ವಿಶೇಷಣದ್ದು.

ಮನೆಯೊಕ್ಕಲಿನ ದಿನ ಮಶಾಕಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಂದರು. ಹೋಳಿಗೆ ಊಟವಾಯಿತು. ಬಂದ ಜನ ಟೈಲ್ಸು, ಬಾಗಿಲು, ಪರದೆ ನೋಡುತ್ತ ಮೇಲಿನ ಕೋಣೆಗೆ ಹೋಗಿದ್ದರು. ಮಶಾಕಸಾಬರು ಪಡಸಾಲೆಯಲ್ಲೇ ಉಳಿದರು. ಅಷ್ಟುದ್ದ ಆಳು ಗೋಡೆಯ ಹತ್ತಿರ ಹೋಗಿ ನೆಲಕ್ಕೆ ಕುಳಿತು, ದೀಪವನ್ನು ಸ್ವಲ್ಪ ಬದಿಗೆ ಸರಿಸಿ, ಮಾಡದೊಳಗೆ ಕೈ ಹಾಕಿದರು. ಅವರ ಹೆಬ್ಬೆರಳು ದಪ್ಪ, ತಗ್ಗಿನಲ್ಲಿ ಅರ್ಧವೇ ಕೂತಿತು. ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಬಾಯಾರ," ಎಂದರು, "ಕಲ್ ಬಂತ್ರಿ."

ಕನ್ನಡದಲ್ಲಿ ಅಂದರೋ ಉರ್ದುವಿನಲ್ಲಿ ಅಂದರೋ, ನಾನು ಕೇಳಲಿಲ್ಲ.